ಅಡವು ಬಿಡಿಸೋಕೆ ಬಂದವನನ್ನ ಕಾಯಿಸಬಹುದಾ? ಕಲ್ಯಾಣದಿಂದ ಹೋಮ್ ಲೋನ್ ಟ್ರಾನ್ಸ್‌ಫರ್ ತನಕ

ಹೋದ ತಿಂಗಳ ವಿಡಿಯೋ ಮಾತಿನ ಬರಹರೂಪ ಇದು. ಕ್ಯಾಮೆರಾ ಮುಂದೆ ಅವಸರದಲ್ಲಿ ಹಾರಿಸಿಬಿಟ್ಟಿದ್ದ ಎರಡು ಮೂರು ಸಂಗತಿಗಳನ್ನ ಇಲ್ಲಿ ಸೇರಿಸಿದ್ದೇನೆ.

2023ರ ಜೂನ್. ಪುಣೆಯ ವಾಕಡ್‌ನಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲಾಟು, ಸಾಲ ಬಾಕಿ 42 ಲಕ್ಷ. ಹಿಂದಿನ ವರ್ಷದ ಮೇ ತಿಂಗಳವರೆಗೆ 4 ಪರ್ಸೆಂಟ್ ಇದ್ದ ರೆಪೊ ದರವನ್ನ ರಿಸರ್ವ್ ಬ್ಯಾಂಕ್ 2023ರ ಫೆಬ್ರವರಿ ಹೊತ್ತಿಗೆ 6.5ಕ್ಕೆ ತಂದು ನಿಲ್ಲಿಸಿತ್ತು. ನನ್ನ ಇಎಂಐ ಒಂದೂವರೆ ಸಾವಿರ ಅಷ್ಟೇ ಏರಿದೆ ಅಂತ ನಾನು ಸಮಾಧಾನದಲ್ಲಿದ್ದೆ. ಒಂದಿನ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ, 17 ವರ್ಷ ಉಳಿದಿದ್ದ ಸಾಲ 25 ವರ್ಷ ಆಗಿಬಿಟ್ಟಿದೆ! ಬಡ್ಡಿ 9.6. ಪಕ್ಕದ ರಸ್ತೆಯ ಇನ್ನೊಂದು ಬ್ಯಾಂಕು 8.6ಕ್ಕೆ ಕೊಡ್ತೀನಿ ಅಂತಿತ್ತು. ಒಂದು ಪರ್ಸೆಂಟ್ ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ 42,000, ತಿಂಗಳಿಗೆ 3,500. ಸರಿ, ಬ್ಯಾಲೆನ್ಸ್ ಟ್ರಾನ್ಸ್‌ಫರ್ ಮಾಡಿಸೋಣ ಅಂತ ಹೊರಟೆ.

ಹೊಸ ಬ್ಯಾಂಕಿನ ಕೆಲಸ ಹತ್ತು ದಿನದಲ್ಲಿ ಮುಗೀತು. ಹಳೆ ಕಂಪನಿಯ ಹೆಸರು ಬೇಡ. ಅವರ ಹತ್ತಿರ ನಾನು ಕೇಳಿದ್ದು ಎರಡೇ ಕಾಗದ: ಬಾಕಿ ಎಷ್ಟು ಅನ್ನೋ ಫೋರ್‌ಕ್ಲೋಶರ್ ಲೆಟರು, ಮತ್ತು ಅವರ ಹತ್ತಿರ ಇರೋ ನನ್ನ ದಾಖಲೆಗಳ ಪಟ್ಟಿ. "ಸೆಂಟ್ರಲ್ ಆಫೀಸಿಂದ ಬರಬೇಕು ಸರ್, 15 ವರ್ಕಿಂಗ್ ಡೇಸ್." ಹದಿನೈದು ಕೆಲಸದ ದಿನ ಆದಮೇಲೆ ಲೆಟರ್ ಬರಲಿಲ್ಲ, ಫೋನ್ ಬಂತು. ಗ್ರಾಹಕರನ್ನ ಉಳಿಸಿಕೊಳ್ಳೋ ತಂಡದವರಂತೆ. ಶುಲ್ಕ ಕಟ್ಟಿದರೆ ಬಡ್ಡಿ ಕಮ್ಮಿ ಮಾಡ್ತೀವಿ ಅಂದರು. ಬೇಡ ಅಂದೆ. ಮತ್ತೆ ಎರಡು ವಾರ. ಕೊನೆಗೆ ಬಂದ ಲೆಟರಿನ ಮೇಲೆ ಆ ತಿಂಗಳ 31ರವರೆಗೆ ಮಾತ್ರ ಮಾನ್ಯ ಅಂತ ಇತ್ತು, ನನ್ನ ಕೈಗೆ ಸಿಕ್ಕಿದ್ದು 29ಕ್ಕೆ. ಮತ್ತೆ ಮೊದಲಿಂದ. ಕಡೆಗೂ ಡಿಡಿ ಕೊಟ್ಟ ಮೇಲೆ ಮನೆ ಕಾಗದ ಬಿಡಿಸಿಕೊಳ್ಳೋಕೆ 41 ದಿನ ಹಿಡೀತು. ಹೊಸ ಬ್ಯಾಂಕು ತನ್ನ ಬಡ್ಡಿಯನ್ನ ಡಿಡಿ ಬರೆದ ದಿನದಿಂದಲೇ ಎಣಿಸಿತ್ತು. ಆ ಡಿಡಿ ಹಳೆ ಕಂಪನಿಯ ಕೈ ಸೇರಿದ್ದು ಒಂಬತ್ತು ದಿನ ತಡವಾಗಿ. ಹಾಗಾಗಿ ಒಂಬತ್ತು ದಿನ ಒಂದೇ ಸಾಲಕ್ಕೆ ಎರಡು ಕಡೆ ಬಡ್ಡಿ.

ಊರಿಗೆ ಫೋನ್ ಮಾಡಿದಾಗ ಅವ್ವಂಗೆ ಇದನ್ನೆಲ್ಲ ಹೇಳಿದೆ. ನಮ್ಮದು ರಾಣೆಬೆನ್ನೂರು. ಬಿತ್ತನೆ ಹೊತ್ತಿಗೆ ಬಿಲ್ವಾರ ಗಿರವಿ ಅಂಗಡಿಗೆ ಹೋಗೋದು, ಸುಗ್ಗಿ ಆದಮೇಲೆ ವಾಪಸ್ ಬರೋದು ನಮ್ಮನೇಲಿ ವರ್ಷಾ ನಡೀತಿತ್ತು. ಅವ್ವ ಕೇಳಿದ್ದು ಇಷ್ಟೇ: "ಅಲ್ಲೋ, ರೊಕ್ಕ ಕೊಟ್ಟ ಮ್ಯಾಲೂ ಯಾಕ ಕೊಡವಲ್ರು? ಸಾಹುಕಾರ ಬಾಳ ಬಡ್ಡಿ ತಿಂತಿದ್ದ ಖರೆ, ಆದ್ರ ರೊಕ್ಕ ಎಣಿಸಿ ಇಟ್ಟಕೂಡ್ಲೆ ಗಂಟು ಬಿಚ್ಚಿ ಕೈಗೆ ಕೊಡ್ತಿದ್ದ." ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಹಿಡಕೊಂಡು ಓದೋಕೆ ಶುರು ಮಾಡಿದೆ. ಓದ್ತಾ ಹೋದರೆ ಅದು ತೊಂಬೈನೂರು ವರ್ಷ ಹಿಂದಕ್ಕೆ ಕರ್ಕೊಂಡು ಹೋಯ್ತು. ಅದೂ ನಮ್ಮದೇ ನಾಡಿಗೆ.

ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿ ವಿಜ್ಞಾನೇಶ್ವರ ಅಂತ ಒಬ್ಬ ಪಂಡಿತರಿದ್ದರು. ಕಲಬುರಗಿ ಹತ್ತಿರದ ಮರತೂರು ಅವರ ಊರು ಅನ್ನೋ ನಂಬಿಕೆ ಇದೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವರು ಬರೆದ ವ್ಯಾಖ್ಯಾನವೇ ಮಿತಾಕ್ಷರ. ಲಾ ಓದಿದವರಿಗೆ ಈ ಹೆಸರು ಗೊತ್ತಿರೋದು ಅವಿಭಕ್ತ ಕುಟುಂಬದ ಆಸ್ತಿ ಪಾಲಿನ ವಿಷಯಕ್ಕೆ. ಬ್ರಿಟಿಷರ ಕೋರ್ಟುಗಳು ಅದರ ಆ ಭಾಗವನ್ನೇ ಹೆಚ್ಚು ಹಿಡಕೊಂಡವು. ಆದರೆ ಅದರಲ್ಲಿ ಸಾಲದ ಬಗ್ಗೆ, ಅಡವಿನ ಬಗ್ಗೆ ದೊಡ್ಡ ಭಾಗವೇ ಇದೆ. ಅಡವಿಗೆ ಅಲ್ಲಿನ ಹೆಸರು 'ಆಧಿ'.

ಅಲ್ಲಿ ಏನಿದೆ ಅಂತ ನನ್ನ ಮಾತಲ್ಲಿ ಹೇಳ್ತೀನಿ. ದುಡ್ಡು ಹಿಡಕೊಂಡು ಅಡವು ಬಿಡಿಸಿಕೊಳ್ಳೋಕೆ ಬಂದವನಿಗೆ ಸಾಲ ಕೊಟ್ಟವನು ಅಡವನ್ನ ವಾಪಸ್ ಕೊಡಲೇಬೇಕು. ಕೊಡದೆ ಹೋದರೆ ಅವನು ಕಳ್ಳ. ಸಾಲ ಕೊಟ್ಟವನು ಊರಲ್ಲೇ ಇಲ್ವಾ? ಅವನ ಮನೆಯವರ ಹತ್ತಿರ ದುಡ್ಡಿಟ್ಟು ಅಡವು ತಗೊಂಡು ಹೋಗಬಹುದು. ಅದೂ ಆಗದಿದ್ದರೆ, ಅವತ್ತಿನ ಬೆಲೆ ಕಟ್ಟಿಸಿ ವಸ್ತುವನ್ನ ಅಲ್ಲೇ ಬಿಡಬಹುದು, ಅಲ್ಲಿಂದ ಮುಂದೆ ಬಡ್ಡಿ ಇಲ್ಲ. ಇನ್ನೊಂದು ಕಡೆ, ಕೊಡೋಕೆ ಬಂದ ದುಡ್ಡನ್ನ ಸಾಲಗಾರ ತಗೊಳ್ಳದೆ ಹೋದಾಗ ಆ ದುಡ್ಡನ್ನ ಮಧ್ಯಸ್ಥನ ಹತ್ತಿರ ಇಟ್ಟರೆ, ಆವತ್ತಿಗೆ ಬಡ್ಡಿ ನಿಂತುಹೋಗುತ್ತೆ.

ಇದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ವಿಳಂಬ ಯಾರಿಂದ ಆಯ್ತೋ ಅದರ ಖರ್ಚೂ ಅವರದ್ದೇ ಅನ್ನೋ ಲೆಕ್ಕ ಅಷ್ಟು ಹಿಂದೆಯೇ ಇತ್ತು. ಹಾಗಂತ ಆ ಕಾಲ ಸ್ವರ್ಗ ಆಗಿತ್ತು ಅಂತ ನಾನು ಹೇಳ್ತಿಲ್ಲ. ಸಾಲ ದುಪ್ಪಟ್ಟು ಆಗೋವರೆಗೂ ಬಿಡಿಸದಿದ್ದರೆ ಅಡವು ಕೈಬಿಟ್ಟು ಹೋಗುತ್ತೆ ಅಂತಲೂ ಅದೇ ಗ್ರಂಥ ಹೇಳುತ್ತೆ. ಬಡ್ಡಿ ದರವೂ ಜಾತಿ ನೋಡಿ ಬೇರೆ ಬೇರೆ. ಪುಸ್ತಕದಲ್ಲಿದ್ದದ್ದು ಊರಲ್ಲಿ ಎಷ್ಟು ನಡೀತಿತ್ತು ಅನ್ನೋದಂತೂ ಬೇರೆಯೇ ಪ್ರಶ್ನೆ.

ಈಗ ಏಳೂವರೆ ಶತಮಾನ ಹಾರೋಣ. 1882ರ ಆಸ್ತಿ ವರ್ಗಾವಣೆ ಕಾಯ್ದೆ, ಅಂದರೆ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆಕ್ಟ್. ನಿಮ್ಮ ನನ್ನ ಹೋಮ್ ಲೋನು ಇವತ್ತಿಗೂ ನಿಂತಿರೋದು ಇದರ ಮೇಲೇ. ಇದರ 60ನೇ ಕಲಮು ಅಡಮಾನ ಬಿಡಿಸಿಕೊಳ್ಳೋ ಹಕ್ಕಿನದು. ಇಂಗ್ಲೆಂಡಿನ ಚಾನ್ಸರಿ ಕೋರ್ಟುಗಳು ಬೆಳೆಸಿದ ತತ್ವ ಅದು: ಅಡಮಾನ ಯಾವತ್ತೂ ಅಡಮಾನವೇ, ಒಪ್ಪಂದದಲ್ಲಿ ಏನೇ ಚಾಲಾಕಿ ಶರತ್ತು ಹಾಕಿದರೂ ಅದು ಮಾರಾಟ ಆಗಲ್ಲ, ಬಿಡಿಸಿಕೊಳ್ಳೋ ದಾರಿಗೆ ಅಡ್ಡ ಹಾಕೋ ಶರತ್ತು ನಿಲ್ಲಲ್ಲ. ದುಡ್ಡು ಕೊಟ್ಟಾಗ ಅಡಮಾನ ಪತ್ರವನ್ನೂ ಆಸ್ತಿಯ ಎಲ್ಲ ಕಾಗದಗಳನ್ನೂ ವಾಪಸ್ ಕೊಡಬೇಕು ಅಂತ ಕಲಮಿನಲ್ಲೇ ಇದೆ. ದುಡ್ಡು ತಗೊಳ್ಳೋಕೆ ಸತಾಯಿಸಿದರೆ 83ನೇ ಕಲಮಿನ ಪ್ರಕಾರ ಕೋರ್ಟಿನಲ್ಲಿ ಕಟ್ಟಬಹುದು. ನೀತಿಯಂತೆ ದುಡ್ಡು ಮುಂದಿಟ್ಟ ಮೇಲೆ, ಇಲ್ಲವೇ ಕೋರ್ಟಿನಲ್ಲಿ ಕಟ್ಟಿ ನೋಟಿಸ್ ತಲುಪಿದ ಮೇಲೆ, ಬಡ್ಡಿ ನಿಲ್ಲುತ್ತೆ. ಅದು 84ನೇ ಕಲಮು. ಕಲ್ಯಾಣದಲ್ಲಿ ಮಧ್ಯಸ್ಥ ಇದ್ದ ಜಾಗದಲ್ಲಿ ಇಲ್ಲಿ ಕೋರ್ಟು ಬಂದು ಕೂತಿದೆ.

1929ರಲ್ಲಿ ಈ ಕಾಯ್ದೆಗೆ 60-ಎ ಅಂತ ಒಂದು ಕಲಮು ಸೇರಿಸಿದರು. ನಮ್ಮ ವಿಷಯಕ್ಕೆ ಇದೇ ಮುಖ್ಯ. ಬಿಡಿಸಿಕೊಳ್ಳೋ ಹಕ್ಕು ಇರುವವನು, "ಆಸ್ತಿಯನ್ನ ನನಗೆ ವಾಪಸ್ ಮಾಡಬೇಡಿ, ನಾನು ಹೇಳಿದ ಮೂರನೆಯವರ ಹೆಸರಿಗೆ ಈ ಸಾಲವನ್ನ ವರ್ಗ ಮಾಡಿ" ಅಂತ ಕೇಳಬಹುದು; ಸಾಲ ಕೊಟ್ಟವನು ಹಾಗೆ ಮಾಡಲೇಬೇಕು. ನಾವು ಇವತ್ತು ಬ್ಯಾಲೆನ್ಸ್ ಟ್ರಾನ್ಸ್‌ಫರ್ ಅಂತ ಆಪ್‌ನಲ್ಲಿ ಒತ್ತೋ ಬಟನ್ನಿನ ಅಜ್ಜ ಇದು.

ಹಾಗಾದರೆ ತೊಂದರೆ ಎಲ್ಲಿ ಬಂತು? ಎರಡು ಕಡೆ.

ಮೊದಲನೇದು, 60ನೇ ಕಲಮಿನ ಹಕ್ಕು ಹುಟ್ಟೋದು ಸಾಲದ ಗಡುವು ಬಂದ ಮೇಲೆ. ಇಪ್ಪತ್ತು ವರ್ಷದ ಸಾಲವನ್ನ ಐದನೇ ವರ್ಷಕ್ಕೇ ತೀರಿಸ್ತೀನಿ ಅಂದರೆ ಅಲ್ಲಿ ಕಾಯ್ದೆಗಿಂತ ಒಪ್ಪಂದದ ಮಾತು ನಡೆಯುತ್ತೆ. ಈ ಸಂದಿಯ ಕಥೆಗೆ ಆಮೇಲೆ ಬರ್ತೀನಿ.

ಎರಡನೇದು, ಕಾಗದ. ನಮ್ಮಲ್ಲಿ ಬಹುಪಾಲು ಹೋಮ್ ಲೋನುಗಳು ಮೂಲಪತ್ರ ಒಪ್ಪಿಸಿ ಮಾಡುವ ಅಡಮಾನ. ಕ್ರಯಪತ್ರದ ಕಟ್ಟನ್ನ ತಗೊಂಡು ಹೋಗಿ ಬ್ಯಾಂಕಿನವರ ಕೈಗೆ ಕೊಟ್ಟರೆ ಆಯ್ತು, ಅಡಮಾನ ಆದಂಗೆ. 1882ರಲ್ಲಿ ಈ ಸೌಲಭ್ಯ ಕೊಟ್ಟಿದ್ದು ಕಲ್ಕತ್ತಾ, ಮದರಾಸು, ಮುಂಬಯಿಯಂಥ ಬಂದರು ಪಟ್ಟಣಗಳಿಗೆ ಮಾತ್ರ. ವ್ಯಾಪಾರಿಗಳಿಗೆ ತುರ್ತಾಗಿ ದುಡ್ಡು ಬೇಕಾದಾಗ ರಿಜಿಸ್ಟ್ರಾರ್ ಕಚೇರಿಗೆ ಅಲೆಯದೆ ಸಾಲ ಎತ್ತೋಕೆ ಮಾಡಿದ ದಾರಿ. ಆಮೇಲೆ ಸರ್ಕಾರಗಳು ಒಂದೊಂದೇ ಊರನ್ನ ಪಟ್ಟಿಗೆ ಸೇರಿಸ್ತಾ ಬಂದವು. ಇದರಲ್ಲಿ ಒಂದು ತಮಾಷೆ ಇದೆ, ಆಸ್ತಿ ಎಲ್ಲಿದೆ ಅನ್ನೋದು ಮುಖ್ಯ ಅಲ್ಲ, ಕಾಗದ ಎಲ್ಲಿ ಒಪ್ಪಿಸಿದಿರಿ ಅನ್ನೋದು ಮುಖ್ಯ. ಬೇರೆ ಊರಿನ ಜಾಗದ ಕಾಗದವನ್ನ ಮುಂಬಯಿಯಲ್ಲಿ ಇಟ್ಟು ಸಾಲ ತಗೋಬಹುದಿತ್ತು.

ವೇಗಕ್ಕೆ ಅಂತ ಮಾಡಿದ ಈ ವ್ಯವಸ್ಥೆಯೇ ನಮಗೆ ಉರುಳಾಯ್ತು. ಅಡಮಾನ ಅಂದರೇನೇ ಆ ಫೈಲು ಅಂದಾಗ, ಬಿಡುಗಡೆ ಅಂದರೂ ಆ ಫೈಲೇ. ಅದು ಯಾವುದೋ ಗೋದಾಮಿನ ರ‍್ಯಾಕಿನಲ್ಲಿ ಇರೋವರೆಗೂ ನೀವು ಕೊನೇ ಪೈಸೆ ಕಟ್ಟಿದ್ದರೂ ಮನೆ ಮಾರೋ ಹಾಗಿಲ್ಲ, ಇನ್ನೊಂದು ಸಾಲ ಎತ್ತೋ ಹಾಗಿಲ್ಲ. ಕಾಯ್ದೆಯಲ್ಲಿ "ವಾಪಸ್ ಕೊಡಬೇಕು" ಅಂತ ಇತ್ತು, "ಇಷ್ಟು ದಿನದಲ್ಲಿ" ಅಂತ ಇರಲಿಲ್ಲ. ಗಿರವಿ ಅಂಗಡಿ ಸಾಹುಕಾರನ ಗಂಟು ಅವನ ಕಪಾಟಿನಲ್ಲೇ ಇರ್ತಿತ್ತು. ಅವ್ವನ ಪ್ರಶ್ನೆಗೆ ಅರ್ಧ ಉತ್ತರ ಇದು.

ಇನ್ನರ್ಧ ಉತ್ತರಕ್ಕೆ 1977ಕ್ಕೆ ಬರಬೇಕು. ಅಲ್ಲಿವರೆಗೂ ಸಂಬಳದ ಜನ ಮನೆ ಕಟ್ಟೋದು ಅಂದರೆ ಪಿಎಫ್ ತೆಗೆದು, ಒಡವೆ ಮಾರಿ, ಸಹಕಾರಿ ಸೊಸೈಟಿಯಲ್ಲಿ ಕಾದು, ರಿಟೈರ್ ಆಗೋ ಹೊತ್ತಿಗೆ ಗೃಹಪ್ರವೇಶ. ಐಸಿಐಸಿಐಯಿಂದ ನಿವೃತ್ತರಾಗಿದ್ದ ಎಚ್. ಟಿ. ಪಾರೇಖ್ ಆ ವರ್ಷ ಮುಂಬಯಿಯಲ್ಲಿ ಎಚ್‌ಡಿಎಫ್‌ಸಿ ಶುರು ಮಾಡಿದರು, ಬರೀ ಮನೆ ಸಾಲಕ್ಕೆ ಅಂತಲೇ ಒಂದು ಕಂಪನಿ. 1987ರ ಕಾಯ್ದೆಯಿಂದ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಬಂತು, ಅದರ ಹಿಂದೆಯೇ ಇನ್ನಷ್ಟು ಕಂಪನಿಗಳು. ತೊಂಬತ್ತರ ದಶಕದ ಕೊನೆಗೆ ಬ್ಯಾಂಕುಗಳೂ ನುಗ್ಗಿದವು. ಆಮೇಲೆ ಫ್ಲೋಟಿಂಗ್ ಬಡ್ಡಿ. ನಮ್ಮ ಪೀಳಿಗೆಯ ಸಾಫ್ಟ್‌ವೇರ್ ಜನ ಮೂವತ್ತು ವಯಸ್ಸಿಗೇ ಮನೆ ತಗೊಂಡದ್ದು ಈ ಅಲೆಯ ಮೇಲೆ.

ಫ್ಲೋಟಿಂಗ್ ಅಂದರೆ ಮೇಲೂ ಕೆಳಗೂ ತೇಲಬೇಕು ತಾನೇ? ಮೇಲೆ ಹೋಗೋವಾಗ ಲಿಫ್ಟು, ಕೆಳಗೆ ಬರೋವಾಗ ಮೆಟ್ಟಿಲು. ಹಳೇ ಗ್ರಾಹಕನಿಗೆ ಹಳೇ ದರ, ಹೊಸಬನಿಗೆ ಹಬ್ಬದ ಆಫರ್. 2009ರಲ್ಲಿ ಎಸ್‌ಬಿಐ ಮೊದಲ ವರ್ಷಕ್ಕೆ 8 ಪರ್ಸೆಂಟ್ ಅಂತ ಸಾಲ ಕೊಟ್ಟಿದ್ದು ನೆನಪಿರಬೇಕು, ಉಳಿದವರೂ ಹಿಂದೆ ಬಿದ್ದರು. ಅದಾದ ಮೇಲೆ 2010ರ ಮಾರ್ಚಿನಿಂದ 2011ರ ಅಕ್ಟೋಬರಿನವರೆಗೆ ರಿಸರ್ವ್ ಬ್ಯಾಂಕ್ 13 ಸಲ ದರ ಏರಿಸ್ತು. ಜನ ಕಮ್ಮಿ ಬಡ್ಡಿ ಇರೋ ಕಡೆ ಹೋಗೋಣ ಅಂದರೆ, ನಾನು ಆಗಲೇ ಹೇಳಿದ ಆ ಸಂದಿ. ಒಪ್ಪಂದದಲ್ಲಿ ಅವಧಿಗೆ ಮುಂಚೆ ತೀರಿಸಿದರೆ ದಂಡ ಅಂತ ಬರೆದಿತ್ತು. ಸಾಮಾನ್ಯವಾಗಿ 2 ಪರ್ಸೆಂಟ್ ಆಸುಪಾಸು. 30 ಲಕ್ಷದ ಸಾಲಕ್ಕೆ 60,000. ಒಂದು ಪರ್ಸೆಂಟ್ ಬಡ್ಡಿ ಉಳಿಸಿದರೆ ಮೊದಲ ವರ್ಷ ಸಿಗೋದು ಸುಮಾರು 30,000. ಅಂದರೆ ಹೊರಗೆ ಕಾಲಿಡೋಕೆ ಎರಡು ವರ್ಷದ ಉಳಿತಾಯ ಬಾಗಿಲಲ್ಲೇ ಕಟ್ಟಬೇಕು.

ಇದು ಸ್ಪರ್ಧೆಗೆ ವಿರುದ್ಧ ಅಂತ ಸ್ಪರ್ಧಾ ಆಯೋಗಕ್ಕೆ ದೂರು ಹೋಯ್ತು. 2010ರ ಡಿಸೆಂಬರಿನಲ್ಲಿ ಆಯೋಗ ಬಹುಮತದಿಂದ ಕಾಯ್ದೆ ಉಲ್ಲಂಘನೆ ಇಲ್ಲ ಅಂತ ಹೇಳಿಬಿಡ್ತು. ಸಾಲ ಕೊಡುವವರ ವಾದವೂ ಪೂರ್ತಿ ಪೊಳ್ಳಲ್ಲ: ದೀರ್ಘಾವಧಿ ಸಾಲಕ್ಕೆ ತಾವೂ ಎಲ್ಲಿಂದಲೋ ದುಡ್ಡು ತಂದಿರ್ತೀವಿ, ಮಧ್ಯದಲ್ಲಿ ಜನ ಎದ್ದು ಹೋದರೆ ಲೆಕ್ಕ ತಪ್ಪುತ್ತೆ ಅಂತ. ಸ್ಥಿರ ಬಡ್ಡಿಯ ಸಾಲಕ್ಕೆ ನಾನು ಆ ಮಾತು ಒಪ್ತೀನಿ. ಬಡ್ಡಿ ಏರಿಳಿತದ ಭಾರವೆಲ್ಲ ಗ್ರಾಹಕನ ತಲೆ ಮೇಲೇ ಹಾಕಿದ ಫ್ಲೋಟಿಂಗ್ ಸಾಲಕ್ಕೆ ಮಾತ್ರ ಅದು ಒಪ್ಪೋ ಮಾತಲ್ಲ.

ಕೋರ್ಟಿನಂಥ ಕಡೆ ಆಗದ್ದು ಸುತ್ತೋಲೆಯಿಂದ ಆಯ್ತು. ಎಂ. ದಾಮೋದರನ್ ನೇತೃತ್ವದ ಸಮಿತಿ ಈ ದಂಡ ಸರಿಯಲ್ಲ ಅಂತ 2011ರಲ್ಲಿ ವರದಿ ಕೊಡ್ತು. ಅದೇ ವರ್ಷ ಅಕ್ಟೋಬರಿನಲ್ಲಿ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಗೃಹಸಾಲ ಕಂಪನಿಗಳಿಗೆ, 2012ರ ಜೂನ್ 5ಕ್ಕೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದವು: ಫ್ಲೋಟಿಂಗ್ ದರದ ಮನೆ ಸಾಲಕ್ಕೆ ಫೋರ್‌ಕ್ಲೋಶರ್ ದಂಡ ಇಲ್ಲ. 2026ರ ಜನವರಿ 1ರಿಂದ ಮಂಜೂರಾದ ಸಾಲಗಳಿಗೆ ಈ ನಿಯಮ ಇನ್ನೂ ಬಿಗಿ: ವ್ಯಕ್ತಿಗಳು ವ್ಯವಹಾರಕ್ಕಲ್ಲದೆ ತಗೊಂಡ ಫ್ಲೋಟಿಂಗ್ ಸಾಲಕ್ಕೆ ದಂಡವೂ ಇಲ್ಲ, ಇಷ್ಟು ತಿಂಗಳು ಇರಲೇಬೇಕು ಅನ್ನೋ ಶರತ್ತೂ ಇಲ್ಲ, ತೀರಿಸೋ ದುಡ್ಡು ಎಲ್ಲಿಂದ ಬಂತು ಅಂತ ಕೇಳೋ ಹಾಗೂ ಇಲ್ಲ.

ದಂಡ ಹೋಯ್ತು. ಆಮೇಲೆ ಏನಾಯ್ತು? ನನ್ನ ಅನುಮಾನ ಹೇಳ್ತೀನಿ, ಇದಕ್ಕೆ ನನ್ನ ಹತ್ತಿರ ಅಂಕಿಅಂಶ ಇಲ್ಲ, ನನ್ನ ಅನುಭವ ಮತ್ತು ಸ್ನೇಹಿತರ ಮಾತು ಅಷ್ಟೇ: ದಂಡದ ಜಾಗಕ್ಕೆ ವಿಳಂಬ ಬಂದು ಕೂತಿತು. ಎರಡು ಪರ್ಸೆಂಟ್ ಕೇಳೋ ಹಾಗಿಲ್ಲ, ಆದರೆ ಎರಡು ತಿಂಗಳು ಕಾಯಿಸಬಹುದು. ಪ್ರತಿ ತಿಂಗಳು ನನ್ನ 3,500 ಅವರ ಕಡೆಯೇ ಉಳೀತಿತ್ತಲ್ಲ.

ವಿಚಿತ್ರ ಅಂದರೆ ಇದಕ್ಕೂ ಒಂದು ಗಡುವು ಮೊದಲಿಂದಲೇ ಇತ್ತು, ಯಾರೂ ಅದರ ಬಗ್ಗೆ ಮಾತಾಡ್ತಿರಲಿಲ್ಲ. 2003ರ ಮೇ 5ರಂದು ರಿಸರ್ವ್ ಬ್ಯಾಂಕ್ ಸಾಲದಾತರಿಗೆ ಒಂದು ನ್ಯಾಯಯುತ ನಡವಳಿಕೆಯ ಸಂಹಿತೆ ಕಳಿಸ್ತು. ಸಾಲ ಖಾತೆಯನ್ನ ಬೇರೆಯವರಿಗೆ ವರ್ಗ ಮಾಡಿ ಅಂತ ಕೋರಿಕೆ ಬಂದರೆ, ಒಪ್ಪಿಗೆ ಇದೆಯೋ ಆಕ್ಷೇಪಣೆ ಇದೆಯೋ 21 ದಿನದೊಳಗೆ ತಿಳಿಸಬೇಕು ಅಂತ ಅದರಲ್ಲಿದೆ. ಬ್ಯಾಂಕೇತರ ಕಂಪನಿಗಳಿಗೂ ಇದೇ ಮಾತು 2006ರಲ್ಲಿ ಬಂತು. ಇಪ್ಪತ್ತು ವರ್ಷ ಈ ಸಾಲು ಪುಸ್ತಕದಲ್ಲಿತ್ತು, ನಾನು ಅಲೆಯುವಾಗ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೂ, 22ನೇ ದಿನಕ್ಕೆ ಏನು ಅಂತ ಅದರಲ್ಲಿ ಬರೆದಿಲ್ಲ. ದಂಡ ಇಲ್ಲದ ಗಡುವು ಅದು.

ದಂಡ ಇರೋ ಗಡುವು ಬಂದಿದ್ದು 2023ರ ಸೆಪ್ಟೆಂಬರ್ 13ಕ್ಕೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆಗಳನ್ನೆಲ್ಲ ವಾಪಸ್ ಕೊಡಬೇಕು, ನೋಂದಣಿಯಲ್ಲಿ ಆಸ್ತಿ ಮೇಲೆ ಹಾಕಿದ್ದ ಋಣಭಾರ ತೆಗೆಸಬೇಕು. ತಪ್ಪು ಸಾಲದಾತರದ್ದಾದರೆ ದಿನಕ್ಕೆ 5,000 ರೂಪಾಯಿ ಸಾಲಗಾರನಿಗೆ ಕೊಡಬೇಕು. ಕಾಗದ ಕಳೆದುಹೋಗಿದ್ದರೆ ನಕಲು ಮಾಡಿಸೋಕೆ ನೆರವಾಗಿ ಖರ್ಚು ಅವರೇ ಹಾಕಬೇಕು, ಅದಕ್ಕೆ ಇನ್ನೂ 30 ದಿನ ಸಮಯ ಇದೆ. ಸುತ್ತೋಲೆಯ ಮಾತು "ಪೂರ್ತಿ ತೀರುವಳಿ". ತೀರಿಸಿದ್ದು ನಿಮ್ಮ ಉಳಿತಾಯವೋ ಇನ್ನೊಂದು ಬ್ಯಾಂಕಿನ ಡಿಡಿಯೋ ಅಂತ ಅದು ಬೇರೆ ಮಾಡಲ್ಲ. ಜಾರಿಗೆ ಬಂದಿದ್ದು 2023ರ ಡಿಸೆಂಬರ್ 1. ನನ್ನ ಕಾಗದ ಕೈಸೇರಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. 41ರಲ್ಲಿ 30 ಕಳೆದರೆ 11 ದಿನ, 55,000 ರೂಪಾಯಿ. ಹೆಂಡತಿ ಈಗಲೂ ಚುಚ್ಚುತ್ತಾಳೆ, "ಎರಡು ತಿಂಗಳು ಸುಮ್ನಿದ್ದಿದ್ರೆ ಆಗ್ತಿತ್ತು ನೋಡ್ರಿ" ಅಂತ.

ವಿಡಿಯೋ ನೋಡಿ ಹೈದರಾಬಾದಿನಿಂದ, ಚೆನ್ನೈನಿಂದ ಕೆಲವರು ಒಂದೇ ಪ್ರಶ್ನೆ ಕೇಳಿದ್ದೀರಿ: ಈಗ ನಾವು ಟ್ರಾನ್ಸ್‌ಫರ್ ಮಾಡಿಸಬೇಕು ಅಂದರೆ ಏನು ಮಾಡೋದು? ನಾನು ವಕೀಲ ಅಲ್ಲ. ನಾನು ಎಡವಿದ ಜಾಗ ಹೇಳ್ತೀನಿ. ಮೊದಲ ಕೋರಿಕೆಯನ್ನ ಬ್ರಾಂಚಿನಲ್ಲಿ ಬಾಯಿಮಾತಲ್ಲಿ ಮಾಡಿದ್ದೆ, ಹಾಗಾಗಿ ನನ್ನ 21 ದಿನ ಯಾವತ್ತು ಶುರುವಾಯ್ತು ಅನ್ನೋದಕ್ಕೆ ಪುರಾವೆಯೇ ಇರಲಿಲ್ಲ. ಮೇಲ್ ಮಾಡಿ, ದೂರು ಸಂಖ್ಯೆ ತಗೊಳ್ಳಿ. ಡಿಡಿ ಒಪ್ಪಿಸಿದ ದಿನ ಸೀಲು ಹಾಕಿದ ರಸೀದಿ ಬಿಡಬೇಡಿ. 30 ದಿನದ ಲೆಕ್ಕ ನಿಲ್ಲೋದು ಆ ಕಾಗದದ ಮೇಲೆ. ಮೂವತ್ತು ದಿನದಲ್ಲಿ ಅವರಿಂದ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು, ಶುಲ್ಕ ಇಲ್ಲ. ಕಾಗದ ಬಂತು ಅಂತ ಖುಷಿಯಲ್ಲಿ ಮರೀಬೇಡಿ, 2011ರಿಂದ ಇರೋ ಸೆರ್ಸಾಯ್ ಅನ್ನೋ ಕೇಂದ್ರ ನೋಂದಣಿಯಲ್ಲಿ ಹಳೆಯವರ ಹೆಸರು ಹೋಗಿದೆಯಾ ನೋಡಿ. ಊರಲ್ಲಿ ಆಸ್ತಿ ಇರೋರು ಇಸಿ ತೆಗೆಸಿ ನೋಡಿ.

ಆ ಒಂಬತ್ತು ದಿನದ ಎರಡು ಬಡ್ಡಿ ವಿಷಯ ಬಾಕಿ ಇದೆ. 2024ರ ಏಪ್ರಿಲ್ 29ರಂದು ರಿಸರ್ವ್ ಬ್ಯಾಂಕ್ ಇನ್ನೊಂದು ಸುತ್ತೋಲೆ ಹೊರಡಿಸ್ತು. ತಪಾಸಣೆ ಮಾಡುವಾಗ ಕೆಲವು ಕಡೆ ಸಾಲ ಮಂಜೂರಾದ ದಿನದಿಂದ, ಇನ್ನು ಕೆಲವು ಕಡೆ ಚೆಕ್ ಮೇಲಿನ ತಾರೀಖಿನಿಂದ ಬಡ್ಡಿ ಎಣಿಸಿದ್ದು, ಚೆಕ್ಕನ್ನ ಕೊಟ್ಟಿದ್ದು ಎಷ್ಟೋ ದಿನ ಆದಮೇಲೆ, ಇದು ನ್ಯಾಯ ಅಲ್ಲ, ಹೆಚ್ಚು ತಗೊಂಡಿದ್ದನ್ನ ವಾಪಸ್ ಕೊಡಿ ಅಂತ. ಓದಿದ ದಿನವೇ ಹೊಸ ಬ್ಯಾಂಕಿಗೆ ಮೇಲ್ ಬರೆದೆ, ಡಿಡಿ ತಾರೀಖು, ಒಪ್ಪಿಸಿದ ರಸೀದಿ ಎರಡನ್ನೂ ಲಗತ್ತಿಸಿ. ಎರಡು ಸಲ ನೆನಪಿಸಬೇಕಾಯ್ತು. ಜುಲೈ ತಿಂಗಳಲ್ಲಿ ಸ್ಟೇಟ್‌ಮೆಂಟಿನಲ್ಲಿ 'ಇಂಟರೆಸ್ಟ್ ಅಡ್ಜಸ್ಟ್‌ಮೆಂಟ್' ಅಂತ ಒಂದು ಸಾಲು ಕಾಣ್ತು, 8,906 ರೂಪಾಯಿ ಜಮಾ. ಅವ್ವಂಗೆ ಫೋನ್ ಮಾಡಿ ಹೇಳಿದರೆ, "ಸಾಹುಕಾರ ಆಗಿದ್ರ ಕೊಡ್ತಿದ್ದಿಲ್ಲ ಬಿಡು" ಅಂದಳು.